ಕೆಂಪು ಪೆಟ್ಟಿಗೆ, ನೀಲಿ ಪೆಟ್ಟಿಗೆ

"ಗುರುಗಳೇ, ನಮ್ಮ ತಪ್ಪನ್ನು ನಾವೇ ಹೋಗಿ ಎದುರಾಳಿಗೆ ಹೇಳುವುದು ಒಳ್ಳೆಯತನವೋ, ದಡ್ಡತನವೋ?"

ಕೇಳಿದವಳು ವಾರಿಜ. ಎಳೆಗೂಸುಗಳ ಉಸಿರು ಎಣಿಸುವ ಯಂತ್ರ ತಯಾರಿಸುವ ಕಂಪನಿಗೆ ಅವಳು ಒಡತಿ. ಆ ಯಂತ್ರ ಒಮ್ಮೊಮ್ಮೆ ಎಣಿಕೆ ತಪ್ಪುತ್ತದೆ ಎಂಬುದು ಹೋದ ವಾರ ಅವಳಿಗೆ ಗೊತ್ತಾಗಿತ್ತು. ತಪ್ಪು ಇದ್ದದ್ದು ಒಳಗಿನ ಒಂದು ಸಣ್ಣ ಬಿಡಿಭಾಗದಲ್ಲಿ. ಇಂಥದೇ ಯಂತ್ರ ಮಾಡುವ ಇನ್ನೊಂದು ಕಂಪನಿಯವನೂ ಅದೇ ಬಿಡಿಭಾಗ ಹಾಕುತ್ತಿದ್ದ. ಅವನಿಗೆ ಇದು ಇನ್ನೂ ಗೊತ್ತಿರಲಿಲ್ಲ.

"ನನ್ನದನ್ನು ನಾನು ಸದ್ದಿಲ್ಲದೆ ಸರಿಮಾಡಿಕೊಳ್ಳಬಲ್ಲೆ. ಅವನಿಗೆ ಯಾಕೆ ಹೇಳಲಿ? ಹೋದ ವರ್ಷ ನನ್ನ ಇಬ್ಬರು ಇಂಜಿನಿಯರುಗಳನ್ನು ಎಳೆದುಕೊಂಡು ಹೋದವನು ಅವನು. ಹೇಳಿದರೆ ಆಸ್ಪತ್ರೆ ಆಸ್ಪತ್ರೆಗೆ ಹೋಗಿ ನನ್ನ ಯಂತ್ರವೇ ಕೆಟ್ಟದ್ದು ಎಂದು ಹೇಳಿಕೊಂಡು ಬರುತ್ತಾನೆ" ಎಂದಳು.

ಗುರುಗಳು ಅವಳನ್ನು ಕೂರಿಸಿಕೊಂಡರು.

"ಇಬ್ಬರು ಪೆಟ್ಟಿಗೆಯವರ ಕತೆ ಹೇಳುತ್ತೇನೆ, ಕೇಳು ತಾಯಿ" ಎಂದರು.

ಒಂದು ಪಟ್ಟಣದಲ್ಲಿ ಇಬ್ಬರು ಇದ್ದರು. ಒಬ್ಬ ಕೆಂಪು ಪೆಟ್ಟಿಗೆ ಮಾಡುತ್ತಿದ್ದ, ಇನ್ನೊಬ್ಬ ನೀಲಿ ಪೆಟ್ಟಿಗೆ. ಪೆಟ್ಟಿಗೆಯ ಕೆಲಸ ಒಂದೇ. ರೈತರು ಅದನ್ನು ಬಾವಿಯ ಮೋಟಾರಿಗೆ ಜೋಡಿಸುತ್ತಿದ್ದರು. ಆಮೇಲೆ ಮನೆಯ ಜಗಲಿಯ ಮೇಲೆ ಕೂತು ಕೈಯಲ್ಲಿನ ರಿಮೋಟು ಒತ್ತಿದರೆ ಸಾಕು, ಹೊಲದಲ್ಲಿ ಮೋಟಾರ್ ಓಡುತ್ತಿತ್ತು. ಹಾವು, ಮುಳ್ಳು, ಕೆಸರು ಯಾವುದನ್ನೂ ತುಳಿಯಬೇಕಾಗಿರಲಿಲ್ಲ.

ಇಬ್ಬರ ಕಂಪನಿಗಳೂ, ಜೊತೆಗೇ ಮನೆಗಳೂ ಒಂದೇ ರಸ್ತೆಯ ಆಚೆಬದಿ ಈಚೆಬದಿಯಲ್ಲಿದ್ದವು. ಇವನ ಕಿಟಕಿ ತೆಗೆದರೆ ಅವನ ಬಾಗಿಲು ಕಾಣುತ್ತಿತ್ತು. ಆದರೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ.

ಮೊದಲು ಹಾಗಿರಲಿಲ್ಲ. ಇಬ್ಬರೂ ಹುಡುಗರಾಗಿದ್ದಾಗ ಒಬ್ಬನೇ ರೇಡಿಯೊ ರಿಪೇರಿಯವನ ಹತ್ತಿರ ಕೆಲಸ ಕಲಿತವರು. ಒಂದೇ ಬೆಂಚು, ಒಂದೇ ಬೆಸುಗೆ ಕಡ್ಡಿ, ಮಧ್ಯಾಹ್ನಕ್ಕೆ ಒಂದೇ ಡಬ್ಬಿ. ಆ ಉಸ್ತಾದನಿಗೆ ಒಂದು ಹಳೆಯ ಸ್ಕೂಟರಿತ್ತು. ಅದು ತಾನಾಗಿ ಎಂದೂ ಹೊರಟದ್ದಿಲ್ಲ. ದಿನವೂ ಇಬ್ಬರೂ ಹಿಂದಿನಿಂದ ನೂಕಬೇಕು, ಅವನು ಮುಂದೆ ಕೂತು ಬೈಯಬೇಕು, ಆಗ ಹೊರಡುತ್ತಿತ್ತು. ಉಸ್ತಾದ ತೀರಿಕೊಂಡ ಮೇಲೆ ಇಬ್ಬರೂ ಸೇರಿ ಪೆಟ್ಟಿಗೆ ಮಾಡಲು ಹೊರಟರು. ಆದರೆ ಪೆಟ್ಟಿಗೆಯ ಯೋಚನೆ ಮೊದಲು ಯಾರಿಗೆ ಹೊಳೆಯಿತು ಎಂಬ ಮಾತು ಬಂತು. ನನಗೆ ಎಂದು ಇವನು, ನನಗೆ ಎಂದು ಅವನು. ಒಂದು ಜುಲೈ ಹದಿನಾಲ್ಕರಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಸಾಮಾನು ಪಾಲು ಮಾಡಿಕೊಂಡು ಎದ್ದರು.

ಅಲ್ಲಿಂದ ಶುರುವಾಯಿತು. ಇವನು ಒಂದು ವರ್ಷದ ಗ್ಯಾರಂಟಿ ಕೊಟ್ಟರೆ ಅವನು ಎರಡು ವರ್ಷದ್ದು ಕೊಟ್ಟ. ಅವನು ಪೆಟ್ಟಿಗೆಯ ಮೇಲೆ ಒಂದು ಎತ್ತಿನ ಚಿತ್ರ ಹಾಕಿಸಿದರೆ ಇವನು ಜೋಡಿ ಎತ್ತು ಹಾಕಿಸಿದ. ಪಟ್ಟಣದವರಿಗೆ ಒಳ್ಳೆಯ ತಮಾಷೆಯಾಯಿತು.

ಆದರೆ ಒಂದು ವಿಷಯ ಪಟ್ಟಣದವರಿಗೆ ಗೊತ್ತಿರಲಿಲ್ಲ. ಹೊಸ ನೀಲಿ ಪೆಟ್ಟಿಗೆ ಬಂದಾಗಲೆಲ್ಲ ಕೆಂಪು ಪೆಟ್ಟಿಗೆಯವನು ಬೇರೆ ಯಾರನ್ನೋ ಕಳಿಸಿ ಒಂದನ್ನು ತರಿಸಿಕೊಳ್ಳುತ್ತಿದ್ದ. ಬಾಗಿಲು ಹಾಕಿಕೊಂಡು ಬಿಚ್ಚಿ ನೋಡುತ್ತಿದ್ದ. ಬೆಸುಗೆಯ ಒಂದೊಂದು ಚುಕ್ಕೆಯೂ ಸಾಸಿವೆ ಕಾಳಿನ ಹಾಗೆ ದುಂಡಗಿರುತ್ತಿತ್ತು. "ಬಡ್ಡಿಮಗನ ಕೈ ಇನ್ನೂ ಕೆಟ್ಟಿಲ್ಲ" ಎಂದುಕೊಂಡು ಮುಚ್ಚಿಡುತ್ತಿದ್ದ. ಆ ದಿನ ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಾನೆ ಎಂಬುದನ್ನು ಅವನ ಹೆಂಡತಿ ಮಾತ್ರ ಗಮನಿಸಿದ್ದಳು.

ಹೀಗಿರುವಾಗ ಒಂದು ದಿನ ಹೂವಿನ ತೋಟದವಳೊಬ್ಬಳು ಕೆಂಪು ಪೆಟ್ಟಿಗೆಯವನ ಕಂಪನಿಗೆ ಬಂದಳು. ನೇರ ಒಳಗೆ ನುಗ್ಗಿ ಹರಿದ ಸೀರೆಯೊಂದನ್ನು ಅವನ ಮೇಜಿನ ಮೇಲೆ ಹಾಕಿದಳು.

"ಏನಮ್ಮ ಇದು?"

"ಸೀರೆ. ಸೆರಗು ಇಲ್ಲ, ಅದನ್ನು ನಿಮ್ಮ ಮೋಟಾರು ತಿಂದಿತು. ನೀರು ಸೋರುತ್ತಿತ್ತು ಅಂತ ಬಗ್ಗಿ ದಾರ ಸುತ್ತುತ್ತಿದ್ದೆ. ರಿಮೋಟು ಮನೆಯಲ್ಲಿ, ಗೂಡಿನೊಳಗೆ. ಯಾರೂ ಒತ್ತಲಿಲ್ಲ. ತಾನಾಗೇ ಓಡಿಬಿಟ್ಟಿತು."

"ತಾನಾಗೇ ಹೇಗಮ್ಮ ಓಡುತ್ತದೆ? ಮನೆಯಲ್ಲಿ ಮಕ್ಕಳು..."

"ನನ್ನ ಮಕ್ಕಳ ಸುದ್ದಿಗೆ ಬರಬೇಡಿ. ಅವರು ಸ್ಕೂಲಿನಲ್ಲಿದ್ದರು. ನಿಮ್ಮ ಪೆಟ್ಟಿಗೆ ಯಾರ ಮಾತು ಕೇಳುತ್ತದೆ, ಅದನ್ನು ಹೇಳಿ."

ಅವನು ಚೀಲಕ್ಕೆ ಸಲಕರಣೆ ತುಂಬಿಕೊಂಡ. ಅವಳ ಜೊತೆಯಲ್ಲೇ ತೋಟಕ್ಕೆ ಹೋದ. ಪೆಟ್ಟಿಗೆ ಬಿಚ್ಚಿದ, ತಂತಿ ನೋಡಿದ, ಎಲ್ಲ ಸರಿಯಾಗಿತ್ತು. ಕೊನೆಗೆ ಸುಮ್ಮನೆ ಅವಳ ರಿಮೋಟು ಒತ್ತಿದ. ಅವಳ ಮೋಟಾರ್ ಓಡಿತು. ಬೇಲಿಯ ಆಚೆಗೆ ಇನ್ನೊಂದು ಮೋಟಾರೂ ಓಡಿತು.

ಆಚೆಯದು ರೇಷ್ಮೆಯವನ ಹೊಲ. ಹುಳುವಿಗೆ ಸೊಪ್ಪು ಬೆಳೆಯುತ್ತಿದ್ದ. ಅವನ ಬಾವಿಗೆ ಇದ್ದದ್ದು ನೀಲಿ ಪೆಟ್ಟಿಗೆ.

ಪೆಟ್ಟಿಗೆಯ ಗುಟ್ಟು ಇಷ್ಟು. ಪ್ರತಿ ಪೆಟ್ಟಿಗೆಗೂ ಒಂದು ನಂಬರು. ಅದರಲ್ಲಿ ಮುಂದಿನ ನಾಲ್ಕು ಅಂಕೆ ಕಂಪನಿಯದು, ಹಿಂದಿನದು ಆ ಪೆಟ್ಟಿಗೆಯ ಸಂಖ್ಯೆ. ರಿಮೋಟು ಆ ನಂಬರನ್ನು ಕೂಗುತ್ತದೆ, ಪೆಟ್ಟಿಗೆ ಓಗೊಡುತ್ತದೆ. ಕಂಪನಿಯ ನಾಲ್ಕು ಅಂಕೆಯನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಪೆಟ್ಟಿಗೆ ಬಿಚ್ಚಿದರೂ ಕಾಣುವುದಿಲ್ಲ. ಅದು ಗೊತ್ತಾದವನು ಕೂತಲ್ಲೇ ಕೂತು ಆ ಕಂಪನಿಯ ಯಾವ ಮೋಟಾರನ್ನು ಬೇಕಾದರೂ ಓಡಿಸಬಹುದು, ಯಾವುದನ್ನು ಬೇಕಾದರೂ ನಿಲ್ಲಿಸಬಹುದು.

ಹೂವಿನವಳ ಪೆಟ್ಟಿಗೆ ಆರುನೂರ ಹನ್ನೆರಡನೆಯದು. ಬೇಲಿ ದಾಟಿ ನೋಡಿದ. ರೇಷ್ಮೆಯವನದೂ ಆರುನೂರ ಹನ್ನೆರಡು. ಹಾಗಾದರೆ ಮುಂದಿನ ನಾಲ್ಕು ಅಂಕೆ?

ಕೆಂಪು ಪೆಟ್ಟಿಗೆಯವನು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಅವನು ಇಟ್ಟುಕೊಂಡಿದ್ದ ನಾಲ್ಕು ಅಂಕೆ ಉಸ್ತಾದನ ಸ್ಕೂಟರಿನ ನಂಬರು. ದಿನವೂ ನೂಕುವಾಗ ಕಣ್ಣಿಗೆ ನೇರ ಕಾಣುತ್ತಿದ್ದದ್ದು ಅದೊಂದೇ. ಅದು ತನ್ನೊಬ್ಬನ ಭಕ್ತಿ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಪಕ್ಕದಲ್ಲಿ ನಿಂತು ನೂಕಿದವನಿಗೂ ಕಣ್ಣಿತ್ತು ಎಂಬುದು ಹೊಳೆದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದ.

"ಎದುರಿಗೇ ಇದ್ದಾರಲ್ಲ, ಹೋಗಿ ಹೇಳಿಬಿಡಿ. ಹೋಗುವುದಕ್ಕೆ ಮನಸ್ಸಿಲ್ಲದಿದ್ದರೆ ಕಿಟಕಿಯಿಂದ ಕೂಗಿ" ಎಂದಳು.

"ಕೆಂಪು ಪೆಟ್ಟಿಗೆ ಹೆಂಗಸರ ಸೀರೆ ಎಳೆಯುತ್ತದೆ ಅಂತ ನಾಳೆಯೇ ಊರೂರಿಗೆ ಡಂಗುರ ಹೊಡೆಸುತ್ತಾನೆ ಅವನು."

"ಅವರ ಜಾಗದಲ್ಲಿ ನೀವಿದ್ದಿದ್ದರೆ ಹೊಡೆಸುತ್ತಿದ್ದಿರಾ?"

ಅವನು ಅನ್ನ ಕಲೆಸಿದ. "ಹೊಡೆಸುತ್ತಿದ್ದೆ" ಎಂದ.

"ಸರಿ ಹಾಗಾದರೆ, ಉಣ್ಣಿ" ಎಂದು ಅವಳು ಸಾರು ಬಡಿಸಿದಳು.

ಹೇಳುವ ಬದಲು ಅವನು ತನ್ನ ನಾಲ್ಕು ಅಂಕೆಯನ್ನೇ ಬದಲಿಸಲು ತೀರ್ಮಾನಿಸಿದ. ಎದುರಿನವನೂ ಬದಲಿಸಿದರೆ, ಅದೂ ಇದಕ್ಕೇ ಬಂದು ಕೂತರೆ? ಹಾಗಾಗಬಾರದು ಎಂದು ಬಹಳ ಯೋಚಿಸಿದ. ನೀಲಿ ಪೆಟ್ಟಿಗೆಯವನು ಸತ್ತರೂ ಮುಟ್ಟದಂಥ ನಂಬರು ಯಾವುದು? ಹೊಳೆಯಿತು. ಒಂದು, ನಾಲ್ಕು, ಸೊನ್ನೆ, ಏಳು. ಜುಲೈ ಹದಿನಾಲ್ಕು. ಆ ದಿನದ ಹೆಸರೆತ್ತಿದರೆ ಅವನು ಎದ್ದು ಹೋಗುತ್ತಾನೆ ಎಂದು ನಾಲ್ಕು ಜನ ಹೇಳಿದ್ದರು.

ಕೆಂಪು ಕಂಪನಿಯ ಜೀಪುಗಳು 'ಉಚಿತ ತಪಾಸಣೆ' ಎಂಬ ಬಟ್ಟೆ ಕಟ್ಟಿಕೊಂಡು ಹಳ್ಳಿಗಳಿಗೆ ಹೊರಟವು. ಮಂಗಳವಾರ ಹೂವಿನವಳ ಪೆಟ್ಟಿಗೆಗೆ ಹೊಸ ನಂಬರು ಹಾಕಿದರು. ಅವಳು ರಿಮೋಟು ಒತ್ತಿ ನೋಡಿದಳು. ಬೇಲಿಯ ಆಚೆ ಸದ್ದಿರಲಿಲ್ಲ. ರೇಷ್ಮೆಯವನನ್ನು ಕರೆದು, ಇನ್ನು ಭಯವಿಲ್ಲ, ಮೋಟಾರ್ ಮುಟ್ಟಬಹುದು ಎಂದು ಅವಳೇ ಧೈರ್ಯ ಹೇಳಿದಳು.

ಮರುದಿನ ಕೆಂಪು ಪೆಟ್ಟಿಗೆಯವನು ಕಿಟಕಿಯಿಂದ ನೋಡಿದ. ನೀಲಿ ಕಂಪನಿಯ ಜೀಪುಗಳೂ ಹೊರಡುತ್ತಿದ್ದವು. ಅವುಗಳ ಮೇಲೂ 'ಉಚಿತ ತಪಾಸಣೆ' ಎಂಬ ಬಟ್ಟೆ.

"ನೋಡಿದೆಯಾ, ಇದನ್ನೂ ಕಾಪಿ ಹೊಡೆದ!" ಎಂದು ಹೆಂಡತಿಗೆ ಹೇಳಿ ನಕ್ಕ.

ಅವತ್ತು ಅವನು ನಗದೆ ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ತನ್ನ ಹೊಲ ತಾನಾಗಿ ನೀರು ತುಂಬಿಕೊಂಡಾಗ ರೇಷ್ಮೆಯವನೂ ನೀಲಿ ಕಂಪನಿಗೆ ಹೋಗಿ ಜಗಳ ಮಾಡಿರುತ್ತಾನೆ, ಆ ಯಜಮಾನನೂ ತೋಟಕ್ಕೆ ಬಂದು ನೋಡಿರುತ್ತಾನೆ, ಅವನಿಗೂ ಸ್ಕೂಟರಿನ ನೆನಪಾಗಿರುತ್ತದೆ ಎಂದು ತಿಳಿಯುತ್ತಿತ್ತು. ಆದರೆ ಹನ್ನೊಂದು ವರ್ಷದಿಂದ ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಎದುರಿನವನು ಏನು ಮಾಡಿದರೂ ಅದು ತನ್ನನ್ನು ನೋಡಿಯೇ ಮಾಡಿದ್ದು.

ಶುಕ್ರವಾರ ರೇಷ್ಮೆಯವನ ನೀಲಿ ಪೆಟ್ಟಿಗೆಗೂ ಹೊಸ ನಂಬರು ಬಿತ್ತು.

ಶನಿವಾರ ಬೆಳಿಗ್ಗೆ ಹೂವಿನವಳು ಸೇವಂತಿಗೆಗೆ ನೀರು ಬಿಡಲು ಜಗಲಿಯ ಮೇಲಿಂದ ರಿಮೋಟು ಒತ್ತಿದಳು. ಬೇಲಿಯ ಆಚೆಯಿಂದ ಕೂಗು ಕೇಳಿಸಿತು. ರೇಷ್ಮೆಯವನು ಮೋಟಾರಿಗೆ ಸುತ್ತಿಕೊಂಡಿದ್ದ ಬಳ್ಳಿ ಕೀಳುತ್ತಿದ್ದ. ಅವನ ಬಲಗೈಯ ಎರಡು ಬೆರಳು ಮುರಿದುಹೋದವು.

ಹೂವಿನವಳು ಮತ್ತೆ ಬಂದಳು. ಈ ಸಲ ಕೈಯಲ್ಲಿ ಸೀರೆ ಇರಲಿಲ್ಲ, ಗಂಟಲಲ್ಲಿ ಜೋರೂ ಇರಲಿಲ್ಲ. ರಿಮೋಟನ್ನು ಮೇಜಿನ ಮೇಲೆ ಇಟ್ಟಳು.

"ಇದನ್ನು ನೀವೇ ಇಟ್ಟುಕೊಳ್ಳಿ ಅಣ್ಣ. ನಾನು ಒತ್ತಿದ್ದು ನನ್ನ ಹೂವಿಗೆ ನೀರು ಬಿಡೋದಕ್ಕೆ. ಮುರಿದಿದ್ದು ಅವನ ಕೈ. ಮೋಟಾರ್ ಮುಟ್ಟು, ಏನೂ ಆಗೋಲ್ಲ ಅಂತ ಅವನಿಗೆ ಹೇಳಿದವಳೂ ನಾನೇ. ಅವನ ಹೆಂಡತಿಯ ಮುಖ ಹೇಗೆ ನೋಡಲಿ?"

ಅವಳು ಹೋದ ಮೇಲೆ ಕೆಂಪು ಪೆಟ್ಟಿಗೆಯವನು ಆ ರಿಮೋಟನ್ನು ನೋಡುತ್ತ ಕೂತ. ಇಂಥ ಜೋಡಿ ಪೆಟ್ಟಿಗೆಗಳು ಯಾವ ಊರಿನಲ್ಲಿ ಎಷ್ಟಿವೆಯೋ. ಈ ಹೊತ್ತಿನಲ್ಲಿ ಯಾರು ಯಾವ ಮೋಟಾರಿನ ಮೇಲೆ ಬಗ್ಗಿದ್ದಾರೋ. ಮೂರನೆಯ ನಂಬರು ಯೋಚಿಸಲು ಅವನಿಗೆ ಹೆದರಿಕೆಯಾಯಿತು. ತಾನು ಏನು ಯೋಚಿಸಿದರೂ ಎದುರಿನ ಕಟ್ಟಡದಲ್ಲಿ ಒಬ್ಬ ಅದನ್ನೇ ಯೋಚಿಸುತ್ತಿರುತ್ತಾನೆ.

ಎದ್ದು ಚಪ್ಪಲಿ ಮೆಟ್ಟಿದ.

"ಎಲ್ಲಿಗೆ?" ಎಂದಳು ಹೆಂಡತಿ.

"ಎದುರಿಗೆ."

"ಅಂತೂ! ನೋಡಿಕೊಂಡು ದಾಟಿ, ಹನ್ನೊಂದು ವರ್ಷದಲ್ಲಿ ಗಾಡಿಗಳು ಜಾಸ್ತಿಯಾಗಿವೆ."

ನೀಲಿ ಪೆಟ್ಟಿಗೆಯವನು ಅವನನ್ನು ಕಂಡು ಎದ್ದು ನಿಂತ. ಕೂರು ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

"ಏನೋ ದಾರಿ ತಪ್ಪಿ ಬಂದೆ?"

"ದಪ್ಪ ಆಗಿದ್ದೀಯ" ಎಂದ ಕೆಂಪು ಪೆಟ್ಟಿಗೆಯವನು.

"ನಿನಗೆ ಕೂದಲು ಹೋಗಿದೆ. ಬಂದ ವಿಷಯ ಹೇಳು."

"ನಿನ್ನ ನಾಲ್ಕು ಅಂಕೆ ಯಾವುದು?"

"ಹೋಗಲೋ! ಕೇಳಿದ ತಕ್ಷಣ ಕೊಡೋದಕ್ಕೆ ಅದೇನು ನಶ್ಯವೇ? ನಿನ್ನದು ಹೇಳು ಮೊದಲು."

ಇಬ್ಬರೂ ಹೇಳಲಿಲ್ಲ. ಕೊನೆಗೆ ಒಂದೊಂದು ಚೀಟಿಯಲ್ಲಿ ಬರೆದು, ಎದುರುಬದುರು ಇಟ್ಟು, ಒಟ್ಟಿಗೆ ತಿರುಗಿಸಿದರು. ಒಂದು, ನಾಲ್ಕು, ಸೊನ್ನೆ, ಏಳು. ಎರಡರಲ್ಲೂ ಅದೇ.

ಕೆಂಪು ಪೆಟ್ಟಿಗೆಯವನು ಎರಡು ಚೀಟಿಯನ್ನೂ ಎತ್ತಿ ಪಕ್ಕಪಕ್ಕ ಹಿಡಿದ.

"ಈ ದಿನದ ಹೆಸರು ಕೂಡ ನೀನು ಎತ್ತೋಲ್ಲ ಅಂತ ಕೇಳಿದ್ದೆ" ಎಂದ ಕೆಂಪು ಪೆಟ್ಟಿಗೆಯವನು.

"ಎತ್ತೋಲ್ಲ. ಮರೆತಿದ್ದೀನಿ ಅಂತ ಯಾರು ಹೇಳಿದರು?"

ಆಮೇಲೆ ಇಬ್ಬರಿಗೂ ನಗು ಬಂತು. ನೀಲಿ ಪೆಟ್ಟಿಗೆಯವನು ನಗುನಗುತ್ತಲೇ ಕಣ್ಣೊರೆಸಿಕೊಂಡ. ನಕ್ಕು ಮುಗಿದ ಮೇಲೆ ಕೆಲಸ ಉಳಿದಿತ್ತು. ಇನ್ನು ಬೇರೆ ಬೇರೆ ಅಂಕೆ ಆರಿಸಬೇಕು. ಬೇರೆ ಎಂದು ತಿಳಿಯಬೇಕಾದರೆ ಹೇಳಬೇಕು. ಹೇಳಿದರೆ ಬೀಗದ ಕೈಯನ್ನೇ ಕೊಟ್ಟ ಹಾಗೆ.

ಕೆಂಪು ಪೆಟ್ಟಿಗೆಯವನು ಕಿಟಕಿಯಿಂದ ತನ್ನ ಕಂಪನಿಯತ್ತ ನೋಡಿದ. ಅವನ ಕಂಪನಿಯಲ್ಲಿ ಅರವತ್ತು ಜನ ದುಡಿಯುತ್ತಿದ್ದರು. ಅವನ ಪೆಟ್ಟಿಗೆ ನಂಬಿದ ಬಾವಿಗಳು ಸಾವಿರಾರು. ಅಷ್ಟನ್ನೂ ಈ ದಪ್ಪ ಮನುಷ್ಯನ ಕೈಯಲ್ಲಿ ಇಡಬೇಕು. ಮುರಿದ ಬೆರಳು ನೆನಪಾಯಿತು. ಹೇಳಿದ, ಹೊಸದಾಗಿ ಆರಿಸಿದ ನಾಲ್ಕು ಅಂಕೆಯನ್ನೂ ಬಿಡಿಬಿಡಿಯಾಗಿ.

ನೀಲಿ ಪೆಟ್ಟಿಗೆಯವನು ಮೇಜು ಸುತ್ತಿ ಹತ್ತಿರ ಬಂದ. "ಕೈ ಕೊಡು" ಎಂದ. ಪೆನ್ನು ತೆಗೆದು ತನ್ನ ಹೊಸ ನಂಬರನ್ನು ಇವನ ಅಂಗೈಯಲ್ಲಿ ಬರೆದ.

ಆ ವಾರ ಕೆಂಪು ಕಂಪನಿಯವರೂ ನೀಲಿ ಕಂಪನಿಯವರೂ ಒಂದೇ ಜೀಪಿನಲ್ಲಿ ಹಳ್ಳಿಗಳಿಗೆ ಹೋದರು. ಮುಂದಿನ ಸೀಟು ಯಾರದು ಎಂದು ದಿನವೂ ಜಗಳವಾಡಿದರು. ಇಬ್ಬರು ಯಜಮಾನರು ಮಾತ್ರ ಹೂವಿನವಳ ತೋಟಕ್ಕೆ ತಾವೇ ಹೋದರು. ತಾವೇ ನಂಬರು ಬದಲಿಸಿದರು. "ಇನ್ನು ಭಯವಿಲ್ಲಮ್ಮ" ಎಂದು ರಿಮೋಟು ಕೊಡಲು ಹೋದರು.

ಅವಳು ಕೈ ಚಾಚಲಿಲ್ಲ.

"ಈ ಮಾತನ್ನು ನಾನೂ ಒಬ್ಬನಿಗೆ ಹೇಳಿದ್ದೆ. ಮಾತು ಸಾಕು. ಕೆಂಪಣ್ಣ, ನೀವು ನನ್ನ ಮೋಟಾರಿನ ಮೇಲೆ ಕೈ ಇಡಿ. ನೀಲಿಯಣ್ಣ, ನೀವು ಬೇಲಿಯ ಆಚೆ ನಿಂತು ನಿಮ್ಮ ರಿಮೋಟು ಒತ್ತಿ. ಆಮೇಲೆ ಅದಲು ಬದಲು. ಅಷ್ಟಾದ ಮೇಲೆ ನಾನು ಮುಟ್ಟುತ್ತೇನೆ."

ರೇಷ್ಮೆಯವನು ಬ್ಯಾಂಡೇಜು ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದ.

ಕೆಂಪು ಪೆಟ್ಟಿಗೆಯವನು ಬಗ್ಗಿ ಮೋಟಾರಿನ ದಂಡದ ಮೇಲೆ ಬಲಗೈ ಇಟ್ಟ. ಬೆಸುಗೆ ಹಿಡಿಯುವ ಕೈ. ತಾನು ಬದಲಿಸಿದ್ದು ಅವನಿಗೆ ಗೊತ್ತು. ನೀಲಿ ಪೆಟ್ಟಿಗೆಯವನು ಹಾಕಿದ್ದು ಯಾವ ನಂಬರು? ಅಂಗೈಯಲ್ಲಿ ಬರೆದ ನಂಬರನ್ನೇ ಹಾಕಿದ್ದಾನೆಯೇ?

ಬೇಲಿಯ ಆಚೆಯಿಂದ ದನಿ ಬಂತು. "ಹನ್ನೊಂದು ವರ್ಷದಿಂದ ಇಂಥದೊಂದು ಅವಕಾಶಕ್ಕೆ ಕಾದಿದ್ದೆ ಕಣೋ."

"ಒತ್ತೋ, ಮಾತು ಆಮೇಲೆ."

ಆದರೆ ಅವನು ಒತ್ತಲಿಲ್ಲ. ಹೆಬ್ಬೆರಳು ರಿಮೋಟಿನ ಮೇಲಿತ್ತು. "ಇನ್ನೊಂದು ಸಲ ನಿನ್ನ ನಂಬರು ಹೇಳು" ಎಂದ. ಇವನು ಹೇಳಿದ. "ಇನ್ನೊಂದು ಸಲ" ಎಂದ. ಇವನು ಮತ್ತೆ ಹೇಳಿದ. ನೀಲಿ ಪೆಟ್ಟಿಗೆಯವನು ಪೆಟ್ಟಿಗೆ ಬಿಚ್ಚಿ, ನಂಬರು ಹಾಕುವ ಸಲಕರಣೆ ಜೋಡಿಸಿ ತನ್ನದನ್ನು ಮತ್ತೊಮ್ಮೆ ನೋಡಿದ. ಮುಚ್ಚಿದ. ಕಣ್ಣು ಮುಚ್ಚಿಕೊಂಡು ಒತ್ತಿದ.

ರೇಷ್ಮೆಯವನ ಮೋಟಾರ್ ಓಡಿತು. ಸೊಪ್ಪಿನ ಸಾಲಿಗೆ ನೀರು ಹರಿಯಿತು. ಕೆಂಪು ಪೆಟ್ಟಿಗೆಯವನ ಕೈಯ ಕೆಳಗಿನ ದಂಡ ಅಲುಗಾಡಲಿಲ್ಲ.

ಆಮೇಲೆ ಆ ಮೋಟಾರ್ ನಿಲ್ಲಿಸಿ, ನಿಂತಲ್ಲೇ ಕೆಲಸ ಅದಲು ಬದಲು ಮಾಡಿಕೊಂಡರು. ರೇಷ್ಮೆಯವನ ಮೋಟಾರಿನ ಮೇಲೆ ನೀಲಿ ಪೆಟ್ಟಿಗೆಯವನ ಕೈ, ಕೆಂಪು ರಿಮೋಟಿನ ಮೇಲೆ ಇವನ ಹೆಬ್ಬೆರಳು. ಇವನೂ ನಂಬರನ್ನು ಎರಡು ಸಲ ಕೇಳಿ ಒತ್ತಿದ. ನೀರು ಹೂವಿನ ಪಾತಿಗೆ ಮಾತ್ರ ಹೋಯಿತು. ಹೂವಿನವಳು ಬಂದು ರಿಮೋಟು ಇಸಕೊಂಡಳು. ರೇಷ್ಮೆಯವನ ಹೆಂಡತಿಯನ್ನು ಹೆಸರು ಹಿಡಿದು ಕೂಗಿ, ಕಾಫಿಗೆ ನೀರಿಡಲು ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಇಬ್ಬರೂ ಒಂದಾದರೇ?" ಎಂದು ವಾರಿಜ ಕೇಳಿದಳು.

"ಎಲ್ಲಿಯ ಮಾತು! ಮರುವಾರವೇ ನೀಲಿ ಪೆಟ್ಟಿಗೆಯವನು ಮೂರು ವರ್ಷದ ಗ್ಯಾರಂಟಿ ಕೊಟ್ಟ. ಕೆಂಪು ಪೆಟ್ಟಿಗೆಯವನು ಊಟಕ್ಕೆ ಕೂತು ಅವನನ್ನು ಚೆನ್ನಾಗಿ ಬೈದ. ಆಮೇಲೆ ಕಿಟಕಿ ತೆಗೆದು, ಅವನಿಗೆ ಕೇಳಿಸುವ ಹಾಗೆ ಇನ್ನೊಮ್ಮೆ ಬೈದ. ಅಲ್ಲಿಂದಲೂ ಉತ್ತರ ಬಂತು. ಈಗಲೂ ಹಾಗೆಯೇ ನಡೆದಿದೆ."

ವಾರಿಜ ನಕ್ಕಳು. ಆದರೆ ಅವಳ ಮನಸ್ಸು ಇನ್ನೂ ಒಪ್ಪಿರಲಿಲ್ಲ.

"ಅದು ಆ ನೀಲಿ ಪೆಟ್ಟಿಗೆಯವನ ದೊಡ್ಡತನ, ಗುರುಗಳೇ. ನನ್ನ ಎದುರಿಗಿರುವವನು ಅಂಥವನಲ್ಲ. ನಂಬರು ತಿಳಿದುಕೊಂಡು ಅವನು ಮೋಸ ಮಾಡಿದ್ದರೆ, ಆಗ ಏನು ಗತಿ?"

"ಮಾಡಿದ್ದರೆ ಅವನು ಮೋಸಗಾರನಾಗುತ್ತಿದ್ದ ತಾಯಿ, ಗೊತ್ತಿದ್ದೂ ಹೇಳದೆ ಕೂತಿದ್ದರೆ ಇವನು ಏನಾಗುತ್ತಿದ್ದ, ಅದನ್ನು ನೀನು ಹೇಳು."